ದೈವ ಅಂದರೆ ಯಾರು? ಕರಾವಳಿಯಲ್ಲಿ ಒಂದು ಅರ್ಥ, ಬನಹಟ್ಟಿಯಲ್ಲಿ ಇನ್ನೊಂದು

2022ರಲ್ಲಿ ‘ಕಾಂತಾರ’ ಸಿನಿಮಾ ಬಂತು. ಅಲ್ಲಿಯವರೆಗೆ ಮಂಗಳೂರು, ಉಡುಪಿ, ಕಾಸರಗೋಡಿನ ಕಡೆಯವರ ಬಾಯಲ್ಲಷ್ಟೇ ಓಡಾಡುತ್ತಿದ್ದ, ಕರಾವಳಿಯ ಅರ್ಥದ ‘ದೈವ’ ಎಂಬ ಮಾತು ಘಟ್ಟ ಹತ್ತಿತು. ಈಗ ತುಮಕೂರಿನವರೂ ಹುಬ್ಬಳ್ಳಿಯವರೂ ಕಾರು ಮಾಡಿಕೊಂಡು ಮಂಗಳೂರು ಹತ್ತಿರದ ಕುತ್ತಾರಿನ ಕೊರಗಜ್ಜ ದೈವದ ಕಟ್ಟೆಗೆ ಬರುತ್ತಾರೆ. ದೈವಕ್ಕೆ ಸಲ್ಲಿಸುವ ಸೇವೆಯಾದ ಕೋಲ ಯಾವಾಗ ಇದೆ ಅಂತ ವಿಚಾರಿಸುತ್ತಾರೆ. ಹಾಗೆ ಬಂದವರ ತಲೆಯಲ್ಲಿ ಕೆಲವು ಪ್ರಶ್ನೆ ಇದ್ದೇ ಇರುತ್ತವೆ. ದೈವ ಅಂದರೆ ದೇವರೇ ಅಲ್ವಾ? ಹಾಗಿದ್ದರೆ ದೇವಸ್ಥಾನ ಅಂತ ಬರೆಯದೆ ‘ದೈವಸ್ಥಾನ’ ಅಂತ ಬೋರ್ಡು ಹಾಕಿದ್ದು ಯಾಕೆ? ಭೂತ ಅಂತಲೂ ಕರೀತಾರಲ್ಲ, ಹಾಗಾದರೆ ದೆವ್ವನಾ?

ಒಂದೇ ಸಾಲಿನಲ್ಲಿ ಉತ್ತರ ಹೇಳೋದು ಕಷ್ಟ. ಕನ್ನಡನಾಡಿನ ಒಳಗೇ ಈ ಮಾತಿಗೆ ಮೂರು ಅರ್ಥ ಚಾಲ್ತಿಯಲ್ಲಿದೆ. ಪುಸ್ತಕದ ಕನ್ನಡದಲ್ಲಿ ದೈವ ಅಂದರೆ ಹಣೆಬರಹ. ಕರಾವಳಿಯಲ್ಲಿ ಮನೆತನ, ಊರು ನಂಬಿಕೊಂಡು ಬಂದ ಶಕ್ತಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ದೈವ ಅಂದರೆ ಜನ. ಹೌದು, ಕೂಡಿದ ಜನವೇ. ಅದಕ್ಕೆ ಆಮೇಲೆ ಬರೋಣ.

ಕೈಮೀರಿದ್ದು ಎಂಬ ಅರ್ಥ

ಮಾತು ಸಂಸ್ಕೃತದ್ದು. ‘ದೇವ’ದಿಂದ ‘ದೈವ’ ಆಯಿತು. ದೇವರಿಗೆ ಸೇರಿದ್ದು, ದೇವರ ಕಡೆಯಿಂದ ಬಂದದ್ದು ಎಂದು ಅರ್ಥ. ಮನುಷ್ಯ ಮಾಡಿದ್ದಲ್ಲದೆ ಮೇಲಿನಿಂದ ಬಂದದ್ದೆಲ್ಲ ದೈವ ಅನ್ನಿಸಿಕೊಂಡಿತು. ಹಾಗೆಯೇ ಅದಕ್ಕೆ ಹಣೆಬರಹ ಎಂಬ ಅರ್ಥವೂ ಸೇರಿತು.

ಭಗವದ್ಗೀತೆಯ 18ನೇ ಅಧ್ಯಾಯದ 14ನೇ ಶ್ಲೋಕದಲ್ಲಿ ಈ ಅರ್ಥ ಚೆನ್ನಾಗಿ ಕಾಣುತ್ತದೆ. ಯಾವುದೇ ಕೆಲಸ ನಡೆಯೋದಕ್ಕೆ ಐದು ಕಾರಣ ಬೇಕು ಎಂದು ಅಲ್ಲಿ ಹೇಳಿದೆ. ನೆಲೆ, ಮಾಡುವವನು, ಸಾಧನಗಳು, ತರತರದ ಪ್ರಯತ್ನ. ಇವು ನಾಲ್ಕು. ‘ದೈವಂ ಚೈವಾತ್ರ ಪಂಚಮಮ್’, ಐದನೆಯದು ದೈವ. ಗುಡಿಯಲ್ಲಿ ಕೂತ ಯಾರ ಹೆಸರೂ ಇಲ್ಲಿಲ್ಲ. ಬಿತ್ತಿದವನು ಬಿತ್ತಿಯಾಯಿತು, ಗೊಬ್ಬರ ಹಾಕಿಯಾಯಿತು, ಇನ್ನು ಮಳೆ ಬರಬೇಕು ಅಂತೀವಲ್ಲ, ಆ ಉಳಿದ ಪಾಲು ಇದು.

ನಾವು ದಿನಾ ಓದುವ ಪೇಪರಿನ ಕನ್ನಡದಲ್ಲಿ ಹೆಚ್ಚಾಗಿ ಇರುವುದು ಈ ಅರ್ಥವೇ. ‘ದುರ್ದೈವ’, ‘ಸುದೈವ’, ‘ದೈವಬಲ’ ಎಲ್ಲವೂ ಇದೇ ಬಳ್ಳಿಯ ಕಾಯಿ. ‘ದೈವಾಧೀನ’ ಮಾತ್ರ ಸ್ವಲ್ಪ ಎಚ್ಚರದಿಂದ ಬಳಸಬೇಕಾದ ಮಾತು. ಅಕ್ಷರಕ್ಕೆ ಅರ್ಥ ನೋಡಿದರೆ ದೈವದ ಕೈಯಲ್ಲಿದೆ ಅಂತ. ಆದರೆ ‘ದೈವಾಧೀನರಾದರು’ ಎಂದರೆ ತೀರಿಕೊಂಡರು. ಹಾಗಾಗಿ ‘ನಮ್ಮ ಬಡಾವಣೆಯ ಒಳಚರಂಡಿ ಕಾಮಗಾರಿ ದೈವಾಧೀನ’ ಎಂದು ಯಾರಾದರೂ ಅಂದರೆ ಎರಡೂ ಅರ್ಥ ಹೊಂದುತ್ತದೆ.

ಈ ಹಣೆಬರಹವನ್ನು ಓದಬಲ್ಲವನು ‘ದೈವಜ್ಞ’. ದೈವವನ್ನು ಬಲ್ಲವನು, ಅಂದರೆ ಜ್ಯೋತಿಷಿ. ಕರಾವಳಿಯ ದೇವಸ್ಥಾನಗಳಲ್ಲಿ ಅಷ್ಟಮಂಗಲ ಪ್ರಶ್ನೆ ಇಡಿಸಿದಾಗ ಕವಡೆ ಮಗುಚಿ ಉತ್ತರ ಹೇಳುವವರನ್ನು ಈಗಲೂ ದೈವಜ್ಞರು ಎಂದೇ ಕರೆಯುತ್ತಾರೆ. ಚಿನ್ನದ ಕೆಲಸದ ಕಸುಬಿನ ಒಂದು ಸಮುದಾಯದ ಹೆಸರೂ ದೈವಜ್ಞ ಎಂದಿದೆ.

ಪಕ್ಕದ ಮನೆಗಳಲ್ಲಿ

ಮಾತು ತಮಿಳಿಗೆ ಹೋಗಿ ‘ತೆಯ್ವಂ’ ಆಯಿತು. ದೈವವೇ ಕೈಕೊಟ್ಟರೂ ಮೈಮುರಿದು ದುಡಿದದ್ದಕ್ಕೆ ಕೂಲಿ ಸಿಕ್ಕೇ ಸಿಗುತ್ತದೆ ಎಂದು ತಿರುಕ್ಕುರಳಿನ 619ನೇ ಕುರಳು ಹೇಳುತ್ತದೆ. ಅಲ್ಲಿ ದೈವ ಅಂದರೆ ದೇವರೂ ಹೌದು, ವಿಧಿಯೂ ಹೌದು. ಮಲಯಾಳದಲ್ಲಿ ‘ದೈವಂ’ ಅಂದರೆ ನೇರವಾಗಿ ದೇವರು. ಮಲಯಾಳದ ಬೈಬಲಿನಲ್ಲಿ ದೇವರಿಗೆ ಇರುವ ಹೆಸರೇ ದೈವಂ. ಕನ್ನಡ ಬೈಬಲಿನಲ್ಲಿ ‘ದೇವರು’. ಹಾಗಾಗಿ ಕೇರಳದವರೊಬ್ಬರು ‘ಎಂಡೆ ದೈವಮೇ’ ಎಂದು ನಿಟ್ಟುಸಿರು ಬಿಟ್ಟರೆ ಅವರು ತುಳುನಾಡಿನ ಪಂಜುರ್ಲಿ ದೈವವನ್ನು ಕರೆಯುತ್ತಿಲ್ಲ. ನಾವು ‘ಅಯ್ಯೋ ದೇವರೇ’ ಅನ್ನುತ್ತೀವಲ್ಲ, ಅದು ಅಷ್ಟೇ. ಕಣ್ಣೂರು, ಕಾಸರಗೋಡಿನ ‘ತೆಯ್ಯಂ’ ಎಂಬ ಹೆಸರೂ ಇದೇ ದೈವಂ ಸವೆದು ಬಂದದ್ದು.

ಕನ್ನಡದ ‘ದೆವ್ವ’ವೂ ಇದೇ ಕುಟುಂಬದ ಕೂಸು. ಪ್ರಾಕೃತದಲ್ಲಿ ದೈವವು ‘ದೆವ್ವ’ ಆಗಿತ್ತು. ಅಲ್ಲಿ ಅದಕ್ಕೆ ಕೆಟ್ಟ ಅರ್ಥ ಇರಲಿಲ್ಲ. ಕನ್ನಡಕ್ಕೆ ಬಂದು ಹುಣಸೆಮರ ಹತ್ತಿತು. ಹುಟ್ಟು ಒಂದೇ ಆದರೂ ಇವತ್ತಿನ ಬಳಕೆಯಲ್ಲಿ ದೈವಕ್ಕೂ ದೆವ್ವಕ್ಕೂ ಸಂಬಂಧ ಉಳಿದಿಲ್ಲ. ಕರಾವಳಿಯಲ್ಲಿ ಈ ಎರಡನ್ನು ಬೆರೆಸಿ ಮಾತಾಡಿದರೆ ಜನಕ್ಕೆ ಬೇಜಾರಾಗುತ್ತದೆ.

ಹನ್ನೆರಡನೇ ಶತಮಾನದ ತಕರಾರು

ದೇವರು ಬೇರೆ, ದೈವ ಬೇರೆ ಎಂಬ ಗೆರೆ ಸಿನಿಮಾ ಬಂದ ಮೇಲೆ ಎಳೆದದ್ದಲ್ಲ. ಬಸವಣ್ಣನವರ ಒಂದು ವಚನದಲ್ಲಿ ಅದು ಎದ್ದು ಕಾಣುತ್ತದೆ. ‘ಮಡಕೆ ದೈವ, ಮೊರ ದೈವ, ಬೀದಿಯ ಕಲ್ಲು ದೈವ’ ಎಂದು ಅದು ಶುರುವಾಗುತ್ತದೆ. ಹಣಿಗೆ, ಬಿಲ್ಲಿನ ನಾರಿ, ಕೊಳಗ, ಗಿಣ್ಣಿಲು ಎಲ್ಲವೂ ಪಟ್ಟಿಗೆ ಸೇರುತ್ತವೆ. ದೈವ ದೈವ ಎಂದು ಕಾಲಿಡಲು ಜಾಗವೇ ಇಲ್ಲ ಎಂದು ಹೇಳಿ, ‘ದೇವನೊಬ್ಬನೇ ಕೂಡಲಸಂಗಮದೇವ’ ಎಂದು ಮುಗಿಯುತ್ತದೆ.

ವಚನ ಇದನ್ನು ಟೀಕೆಯಾಗಿ ಹೇಳಿತು. ನಮಗೆ ಬೇಕಾದದ್ದು ಅದರೊಳಗಿನ ಮಾಹಿತಿ. ಆಗಿನ ಜನ ತಾವು ದುಡಿಯುವ ಸಾಮಾನು, ಅಳೆಯುವ ಕೊಳಗ, ನಡೆಯುವ ದಾರಿಯ ಕಲ್ಲು ಎಲ್ಲದರಲ್ಲೂ ಒಂದು ಶಕ್ತಿ ಕಾಣುತ್ತಿದ್ದರು. ಅದನ್ನು ಕರೆಯಲು ಬಳಸುತ್ತಿದ್ದ ಮಾತು ದೈವ. ಅದು ಹಲವು, ಹತ್ತಿರದ್ದು, ಕೈಗೆ ಎಟುಕುವಂಥದ್ದು. ದೇವ ಒಬ್ಬನೇ. ಕರಾವಳಿಯಲ್ಲಿ ಇವತ್ತಿಗೂ ದೈವಗಳು ಹಲವು, ಒಂದೊಂದಕ್ಕೂ ಅದರದೇ ಜಾಗ.

ತುಳುನಾಡಿನಲ್ಲಿ ದೈವ

ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಜಿಲ್ಲೆಗಳ ತುಳು ಮಾತಾಡುವ ಸೀಮೆಯಲ್ಲಿ ದೇವರಿಗೆ ‘ದೇವೆರ್’ ಎಂಬ ಬೇರೆ ಮಾತಿದೆ. ಉಡುಪಿಯ ಕೃಷ್ಣ, ಕದ್ರಿಯ ಮಂಜುನಾಥ, ಪೊಳಲಿಯ ರಾಜರಾಜೇಶ್ವರಿ ಇವರೆಲ್ಲ ದೇವೆರ್. ಜುಮಾದಿ, ಪಂಜುರ್ಲಿ, ಜಾರಂದಾಯ, ಕೊಡಮಣಿತ್ತಾಯ, ಗುಳಿಗ ಇವು ದೈವ. ಒಂದೇ ಮನೆಯವರು ಎರಡನ್ನೂ ನಂಬುತ್ತಾರೆ. ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿ ಬಂದು ರಾತ್ರಿ ಕೋಲಕ್ಕೆ ಹೋಗುವುದರಲ್ಲಿ ಅವರಿಗೆ ಗೊಂದಲ ಏನೂ ಇಲ್ಲ.

ವ್ಯತ್ಯಾಸ ಎಲ್ಲಿ? ಮುಖ್ಯವಾದದ್ದು ಮಾತು. ದೇವರ ಎದುರು ನಾವು ಬೇಡಿಕೊಳ್ಳುತ್ತೇವೆ, ದೇವರು ಬಾಯಿಬಿಟ್ಟು ಉತ್ತರ ಹೇಳುವುದಿಲ್ಲ. ದೈವ ಹೇಳುತ್ತದೆ. ವರ್ಷಕ್ಕೊಮ್ಮೆ ಎದುರಿಗೆ ನಿಂತು, ಮನೆಯ ಹಿರಿಯನನ್ನು ಹೆಸರಿಟ್ಟು ಕರೆದು ಮಾತಾಡುತ್ತದೆ. ಗದ್ದೆಯ ಬದುವಿನ ಜಗಳ, ಅಣ್ಣ ತಮ್ಮಂದಿರ ಮನಸ್ತಾಪ, ಹೇಳಿಕೊಂಡ ಹರಕೆ ತೀರಿಸದೆ ಬಿಟ್ಟದ್ದು ಎಲ್ಲವೂ ಅಲ್ಲಿ ಎತ್ತಿದ ಮಾತಾಗುತ್ತದೆ. ಈ ಮಾತಿಗೆ ‘ನುಡಿ’ ಎನ್ನುತ್ತಾರೆ. ದೈವ ನುಡಿ ಕೊಟ್ಟಿತು ಅಂದರೆ ತೀರ್ಮಾನ ಆಯಿತು ಅಂತ ಲೆಕ್ಕ.

ಇನ್ನೊಂದು ವ್ಯತ್ಯಾಸ, ದೈವಕ್ಕೆ ಸೀಮೆ ಇದೆ. ಶಿವ ಎಲ್ಲ ಊರಿಗೂ ಶಿವನೇ. ದೈವ ಮಾತ್ರ ಈ ಮನೆಯದ್ದು, ಈ ಗ್ರಾಮದ್ದು, ಹಲವು ಗ್ರಾಮ ಸೇರಿದ ಈ ಮಾಗಣೆಯದ್ದು. ಮನೆಯಲ್ಲಿ ನಂಬುವುದು ಕುಟುಂಬದ ದೈವ. ಅದರ ಮೇಲೆ ಗ್ರಾಮದ ದೈವ. ಇನ್ನೂ ದೊಡ್ಡ ಸೀಮೆಗೆ ‘ರಾಜನ್ ದೈವ’ಗಳು ಇವೆ. ಪಂಜುರ್ಲಿ ನೂರಾರು ಮನೆಗಳಲ್ಲಿ ಇದ್ದರೂ ಪ್ರತಿಯೊಂದಕ್ಕೂ ಸ್ಥಳದ ಹೆಸರೋ ಮನೆತನದ ಹೆಸರೋ ಅಂಟಿಕೊಂಡಿರುತ್ತದೆ. ಧರ್ಮಸ್ಥಳದ್ದು ಅಣ್ಣಪ್ಪ ಪಂಜುರ್ಲಿ. ಅಲ್ಲಿ ಮಂಜುನಾಥ ದೇವರ ಜೊತೆಗೆ ಕಾಳರಾಹು, ಕಳರ್ಕಾಯಿ, ಕುಮಾರಸ್ವಾಮಿ, ಕನ್ಯಾಕುಮಾರಿ ಎಂಬ ನಾಲ್ಕು ಧರ್ಮದೈವಗಳೂ ಇವೆ. ದೇವರು, ದೈವ ಒಂದೇ ಕ್ಷೇತ್ರದಲ್ಲಿ, ಆದರೆ ಬೇರೆ ಬೇರೆ ಜಾಗದಲ್ಲಿ.

ಮನುಷ್ಯರು ದೈವವಾಗುವುದು

ದೈವಗಳ ಮೂಲವೂ ಒಂದೇ ಬಗೆಯಲ್ಲ. ಪಂಜುರ್ಲಿ ಹಂದಿಯ ರೂಪದ್ದು. ಪಿಲಿಚಾಮುಂಡಿ ಹುಲಿಯದ್ದು. ಮೈಸಂದಾಯ ಕೋಣದ್ದು. ಕಾಡು ಕಡಿದು ಗದ್ದೆ ಮಾಡಿದ ಜನಕ್ಕೆ ಯಾವ ಪ್ರಾಣಿಗಳ ಜೊತೆ ದಿನಾ ವ್ಯವಹಾರ ಇತ್ತು ಎನ್ನುವುದು ಈ ಪಟ್ಟಿಯಲ್ಲೇ ಕಾಣುತ್ತದೆ. ಜುಮಾದಿಯ ಹೆಸರನ್ನು ಧೂಮಾವತಿ ಎಂದೂ ಹೇಳುತ್ತಾರೆ. ಅಲ್ಲಿ ಪುರಾಣದ ದೇವಿಯ ನಂಟು.

ಆದರೆ ಹೊರಗಿನವರಿಗೆ ಜಾಸ್ತಿ ಅಚ್ಚರಿ ಆಗುವುದು ಮನುಷ್ಯರಾಗಿ ಹುಟ್ಟಿ ದೈವವಾದವರ ವಿಚಾರದಲ್ಲಿ. ಕೋಟಿ ಚೆನ್ನಯರು ಬಿಲ್ಲವ ಕುಲದ ಅವಳಿ ವೀರರು. ಕೊರಗಜ್ಜ ಎಂದು ಈಗ ಎಲ್ಲರೂ ಕರೆಯುವುದು ತನಿಯ ಎಂಬ ಕೊರಗ ಸಮುದಾಯದ ಹುಡುಗನನ್ನು. ಇವರು ಸತ್ತರು ಎಂದು ಯಾರೂ ಹೇಳುವುದಿಲ್ಲ. ‘ಕಾಯ ಬಿಟ್ಟು ಮಾಯ ಸೇರಿದರು’ ಎನ್ನುತ್ತಾರೆ. ಕಣ್ಣಿಗೆ ಕಾಣುವ ಲೋಕ ಬಿಟ್ಟರು, ಇಲ್ಲೇ ಇದ್ದಾರೆ ಅಂತ. ಸತ್ತವರು ಬೇರೆ ಲೋಕಕ್ಕೆ ಹೋಗುತ್ತಾರೆ. ಮಾಯವಾದವರು ಊರಲ್ಲೇ ಉಳಿಯುತ್ತಾರೆ.

ಕಲ್ಕುಡನ ಕಥೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕಲ್ಕುಡ ಕಲ್ಲುಕೆಲಸದವನು. ಅವನ ಕಥೆ ಹೇಳುವ ಪಾಡ್ದನ ಎಂಬ ತುಳು ಹಾಡಿನ ಪ್ರಕಾರ ಕಾರ್ಕಳದ ಗೊಮ್ಮಟನನ್ನು ಕಡೆದವನು ಅವನೇ. ಕೆಲಸ ಮುಗಿದ ಮೇಲೆ ಅರಸನಿಗೆ ಭಯ ಹುಟ್ಟಿತು. ಇವನು ಬೇರೆ ಊರಲ್ಲಿ ಇಂಥದ್ದೇ ಇನ್ನೊಂದು ಮಾಡಿಬಿಟ್ಟರೆ? ಒಂದು ಕೈ, ಒಂದು ಕಾಲು ಕಡಿಸಿಬಿಟ್ಟ. ಕಲ್ಕುಡ ಉಳಿದ ಕೈಯಲ್ಲೇ ವೇಣೂರಿನಲ್ಲಿ ಗೊಮ್ಮಟನನ್ನು ಕಡೆದ. ಅಣ್ಣನಿಗಾದ ಅನ್ಯಾಯ ಕಂಡು ತಂಗಿ ಕಲ್ಲುರ್ಟಿ ಕೆರಳಿದಳು. ಇಬ್ಬರೂ ಮಾಯವಾಗಿ ದೈವಗಳಾಗಿ ಅರಸನ ಮೇಲೆ ಸೇಡು ತೀರಿಸಿಕೊಂಡರು.

ಶಾಸನದ ಲೆಕ್ಕ ಹಿಡಿದರೆ ಇದು ಕೂಡುವುದಿಲ್ಲ. ಕಾರ್ಕಳದ ಮೂರ್ತಿ ನಿಂತದ್ದು 1432ರಲ್ಲಿ, ವೇಣೂರಿನದ್ದು 1604ರಲ್ಲಿ. ನಡುವೆ 172 ವರ್ಷ. ಪಾಡ್ದನಕ್ಕೆ ಆ ತಲೆಬಿಸಿ ಇಲ್ಲ. ಮೂರ್ತಿ ನಿಲ್ಲಿಸಿದ ಅರಸರ ಹೆಸರು ಕಲ್ಲಿನಲ್ಲಿದೆ, ಕಡೆದವನ ಹೆಸರು ಕಥೆಯಲ್ಲಿ ಉಳಿದಿದೆ. ತುಳುನಾಡಿನ ಇಂಥ ದೈವಗಳಲ್ಲಿ ಅನೇಕರ ಕಥೆ ಹೀಗೇ ಇದೆ. ಬದುಕಿದ್ದಾಗ ನ್ಯಾಯ ಸಿಗದವರು ದೈವವಾದ ಮೇಲೆ ನ್ಯಾಯ ಹೇಳುತ್ತಾರೆ. ಜಾತಿ, ಮತದ ಬೇಲಿಯೂ ಇಲ್ಲಿ ಬಿಗಿಯಾಗಿಲ್ಲ. ಮೀನುಗಾರರು ನಂಬುವ ಬೊಬ್ಬರ್ಯನ ಕಥೆಯಲ್ಲಿ ಮುಸ್ಲಿಂ ನಂಟಿದೆ. ಕಾಸರಗೋಡಿನ ಕಡೆ ಆಲಿ ಎಂಬ ದೈವವೇ ಇದೆ.

ಕೋಲದ ರಾತ್ರಿ

ದೈವಕ್ಕೆ ಸಲ್ಲಿಸುವ ದೊಡ್ಡ ಸೇವೆ ಕೋಲ ಅಥವಾ ನೇಮ. ಚಿಕ್ಕದು ತಂಬಿಲ. ಕೊರಗಜ್ಜನಿಗೆ ಅಗೇಲು ಎಂಬ ಎಡೆ ಬಡಿಸುತ್ತಾರೆ. ದೀಪಾವಳಿ ಕಳೆದ ಮೇಲೆ ಕೋಲದ ಕಾಲ. ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ‘ಪತ್ತನಾಜೆ’ಗೆ ಸಾಮಾನ್ಯವಾಗಿ ಮುಗಿಯುತ್ತದೆ. ತುಳುವರ ಬೇಶ ತಿಂಗಳ ಹತ್ತನೇ ದಿನ ಅದು. ಆಮೇಲೆ ಮಳೆ, ಬೇಸಾಯ. ಜುಲೈಯಲ್ಲಿ ರಜೆ ಹಾಕಿ ಕೋಲ ನೋಡಲು ಬಂದವರು ಸುಮ್ನೆ ನೆನೆದುಕೊಂಡು ವಾಪಸ್ ಹೋಗಬೇಕಾಗುತ್ತದೆ.

ಪಂಬದ, ಪರವ, ನಲಿಕೆ ಸಮುದಾಯದವರು ದೈವದ ವೇಷ ಕಟ್ಟುತ್ತಾರೆ. ಕುಂದಾಪುರದ ಕಡೆ ಪಾಣಾರರು. ಇಂಥ ದೈವವನ್ನು ಇಂಥವರೇ ಕಟ್ಟಬೇಕು ಎಂಬ ಕಟ್ಟಳೆ ಇದೆ. ಮೊದಲು ಭಂಡಾರದ ಮನೆಯಿಂದ ಭಂಡಾರ ಬರುತ್ತದೆ. ಭಂಡಾರ ಎಂದರೆ ದೈವದ ಸೊತ್ತು: ಕಡ್ತಲೆ ಎಂಬ ಕತ್ತಿ, ಗಂಟೆ, ಲೋಹದ ಮೊಗ, ಆಭರಣ. ಕಟ್ಟುವವರಿಗೆ ಎಣ್ಣೆ, ವೀಳ್ಯ ಕೊಡುತ್ತಾರೆ. ‘ಎಣ್ಣೆ ಬೂಳ್ಯ’ ಎಂದು ಇದರ ಹೆಸರು. ಅದನ್ನು ತೆಗೆದುಕೊಂಡರೆ ಇವತ್ತಿನ ಕೆಲಸ ಒಪ್ಪಿಕೊಂಡ ಹಾಗೆ. ಮುಖಕ್ಕೆ ಹಳದಿ ಅರದಲ ಬಳಿಯುತ್ತಾ ಇರುವಾಗ ಪಕ್ಕದಲ್ಲಿ ಕೂತ ಅದೇ ಕುಟುಂಬದ ಹೆಂಗಸು ತೆಂಬರೆ ಎಂಬ ಚಿಕ್ಕ ಚರ್ಮವಾದ್ಯ ಬಾರಿಸಿಕೊಂಡು ಆ ದೈವದ ಪಾಡ್ದನ ಹೇಳುತ್ತಾಳೆ. ಅದು ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಬಂತು, ಯಾವ ಗುತ್ತಿನ ಮನೆಯಲ್ಲಿ, ಅಂದರೆ ಊರಿನ ಯಜಮಾನಿಕೆಯ ಮನೆಯಲ್ಲಿ, ನೆಲೆ ಕೇಳಿತು ಎಲ್ಲ ಅದರಲ್ಲಿ ಬರುತ್ತದೆ. ಎಳೆ ತೆಂಗಿನ ಗರಿಯ ‘ಸಿರಿ’ ಎಂಬ ಉಡುಗೆ ಸೊಂಟಕ್ಕೆ ಬರುತ್ತದೆ. ಕಾಲಿಗೆ ಗಗ್ಗರ. ಇದು ಭರತನಾಟ್ಯದ ಗೆಜ್ಜೆಯಲ್ಲ, ದಪ್ಪ ಲೋಹದ ಟೊಳ್ಳು ಬಳೆ. ಒಳಗಿನ ಹರಳು ಹೆಜ್ಜೆಗೊಮ್ಮೆ ಸದ್ದು ಮಾಡುತ್ತದೆ. ಬೆನ್ನಿಗೆ ಅಣಿ ಎಂಬ ದೊಡ್ಡ ಅಲಂಕಾರ ಕಟ್ಟುವುದು ಕೊನೆಗೆ.

ಗಗ್ಗರ ಕಟ್ಟಿ ಆವೇಶ ಬಂದ ಮೇಲೆ ಆ ಮನುಷ್ಯನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಅದನ್ನು ಹೀಗೆ ಅರ್ಥ ಮಾಡಿಕೊಳ್ಳಬಹುದು. ನಮ್ಮ ಬೀದಿಯವರೇ ಒಬ್ಬರು ಜಡ್ಜ್ ಆಗಿದ್ದಾರೆ ಅನ್ನಿ. ಮನೆಯಲ್ಲಿ ಅವರು ನಮ್ಮ ಪರಿಚಯದವರು, ಹೆಗಲ ಮೇಲೆ ಕೈ ಹಾಕಿ ಮಾತಾಡುತ್ತೇವೆ. ಪೀಠದಲ್ಲಿ ಕೂತಾಗ ಎದ್ದು ನಿಂತು ಕೈಕಟ್ಟುತ್ತೇವೆ. ಮರ್ಯಾದೆ ಪೀಠಕ್ಕೆ, ಅಲ್ಲಿಂದ ಬರುವ ತೀರ್ಪಿಗೆ. ಗುತ್ತಿನ ಯಜಮಾನನೂ ದೈವದ ಎದುರು ಕೈಮುಗಿದು ನಿಲ್ಲುತ್ತಾನೆ, ಅದೇ ಮನುಷ್ಯನನ್ನು ಮಾರನೇ ದಿನ ಅಂಗಳದ ಆಚೆಯೇ ನಿಲ್ಲಿಸಿ ಮಾತಾಡಿಸಿದ ಉದಾಹರಣೆಯೂ ಬೇಕಾದಷ್ಟಿದೆ. ಕೋಲದ ರಾತ್ರಿ ಮೇಲು ಕೀಳು ತಲೆಕೆಳಗಾಗುತ್ತದೆ ಎಂದು ಹೊಗಳುವವರು ಈ ಮಾರನೇ ದಿನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸಾನ, ಗರಡಿ, ಕಟ್ಟೆ, ಚಾವಡಿ

ದೇವರ ಜಾಗಕ್ಕೆ ದೇವಸ್ಥಾನ, ಗುಡಿ, ದೇಗುಲ ಎನ್ನುತ್ತೇವೆ. ದೈವದ ಜಾಗಕ್ಕೆ ಹೆಸರು ಇನ್ನೂ ಹೆಚ್ಚು. ಬೋರ್ಡಿನಲ್ಲಿ ‘ದೈವಸ್ಥಾನ’ ಎಂದಿದ್ದರೂ ಮಾತಿನಲ್ಲಿ ಅದು ‘ಸಾನ’. ದೊಡ್ಡ ಕಟ್ಟಡವಾದರೆ ‘ಮಾಡ’. ಕೋಟಿ ಚೆನ್ನಯರ ಜಾಗ ‘ಗರಡಿ’. ಸಿರಿ ಎಂಬ ಹೆಣ್ಣು ದೈವದ ಆರಾಧನೆ ನಡೆಯುವ ಜಾಗ ‘ಆಲಡೆ’. ಗುಳಿಗನಿಗೆ ಎಷ್ಟೋ ಕಡೆ ಮೇಲೆ ಸೂರು ಕೂಡ ಇಲ್ಲ, ಮರದ ಬುಡದ ಒಂದು ‘ಕಟ್ಟೆ’ ಸಾಕು. ಹಳೆಯ ಮನೆಗಳಲ್ಲಿ ‘ಚಾವಡಿ’ಯಲ್ಲೇ ದೈವದ ನೆಲೆ. ಅಲ್ಲಿ ತೂಗು ಹಾಕಿದ ಒಂದು ಮಂಚವೋ ಉಯ್ಯಾಲೆಯೋ ಇರುತ್ತದೆ, ಅದರ ಮೇಲೆ ಕಡ್ತಲೆ. ಬಂದ ನೆಂಟರ ಮಕ್ಕಳು ಹತ್ತಿ ಆಡಲು ಹೋದರೆ ಮನೆಯವರು ಓಡಿ ಬರುತ್ತಾರೆ.

ಇಲ್ಲಿ ದೇವಸ್ಥಾನದ ಹಾಗೆ ದಿನಕ್ಕೆ ಎರಡು ಮೂರು ಹೊತ್ತಿನ ಪೂಜೆ, ಮಂಗಳಾರತಿ ಸಾಮಾನ್ಯವಾಗಿ ಇರುವುದಿಲ್ಲ. ದೀಪ ಇಡುತ್ತಾರೆ. ಸಂಕ್ರಮಣಕ್ಕೆ ಪೂಜೆ ಸಲ್ಲುತ್ತದೆ. ಬಾಗಿಲು ಹಾಕಿದೆ ಎಂದರೆ ಪಾಳುಬಿದ್ದಿದೆ ಅಂತಲ್ಲ. ಹಲವು ದೈವಗಳಿಗೆ ಕೋಳಿ, ಶೇಂದಿ ಸಲ್ಲುತ್ತದೆ, ಕೊರಗಜ್ಜನಿಗೆ ವೀಳ್ಯ, ಚಕ್ಕುಲಿ ತರುವವರು ಬಹಳ. ಕಳೆದುಹೋದ ಸಾಮಾನು ಸಿಗಲಿ ಎಂದು ಅಜ್ಜನಿಗೆ ಹೇಳಿಕೊಳ್ಳುವುದು ಈಗ ಘಟ್ಟದ ಮೇಲಿನವರಿಗೂ ಅಭ್ಯಾಸವಾಗಿದೆ.

ಭೂತ ಎಂಬ ಹಳೆಯ ಹೆಸರು

ತುಳುವರ ಬಾಯಲ್ಲಿ ದೈವಕ್ಕೆ ‘ಬೂತ’ ಎಂಬ ಹೆಸರೂ ಇದೆ. ಭೂತಕೋಲ, ಭೂತಸ್ಥಾನ ಎಂಬ ಮಾತುಗಳಲ್ಲಿ ಇರುವುದು ಅದೇ. ಸಂಸ್ಕೃತದಲ್ಲಿ ಭೂತ ಎಂದರೆ ಆಗಿಹೋದದ್ದು, ಇರುವಂಥದ್ದು. ಭೂತಕಾಲ, ಪಂಚಭೂತ ಎನ್ನುವಾಗ ಯಾರೂ ಹೆದರುವುದಿಲ್ಲ. ಕನ್ನಡದಲ್ಲಿ ಅದು ದೆವ್ವದ ಜೊತೆ ಸೇರಿ ‘ಭೂತ ಪ್ರೇತ’ ಆದದ್ದರಿಂದ ಗೊಂದಲ ಬಂತು.

ಹತ್ತೊಂಬತ್ತನೇ ಶತಮಾನದ ಯುರೋಪಿಯನ್ನರು ಇದನ್ನು ಇನ್ನೂ ಹೆಚ್ಚಿಸಿದರು. ಎ.ಸಿ. ಬರ್ನೆಲ್ ಎಂಬ ಇಂಗ್ಲಿಷ್ ಅಧಿಕಾರಿ ಸಂಗ್ರಹಿಸಿದ್ದ ಪಾಡ್ದನಗಳು ಅವರು ತೀರಿಕೊಂಡ ಮೇಲೆ, 1890ರ ದಶಕದಲ್ಲಿ ಅಚ್ಚಾದವು. ಅಪರೂಪದ ಸಂಗ್ರಹ. ಆದರೆ ತಲೆಬರಹದಲ್ಲೇ ‘ಡೆವಿಲ್ ವರ್ಶಿಪ್’ ಎಂದಿತ್ತು, ಅಂದರೆ ಪಿಶಾಚಿಯ ಪೂಜೆ. ಹಳಬರು ಮನೆಯಲ್ಲಿ ಈಗಲೂ ಸಂಕೋಚವಿಲ್ಲದೆ ‘ಬೂತ’ ಎನ್ನುತ್ತಾರೆ. ಹೊರಗಿನವರ ಎದುರು, ಆಮಂತ್ರಣ ಪತ್ರಿಕೆಯಲ್ಲಿ, ಟಿವಿಯಲ್ಲಿ ‘ದೈವ’ ಎಂಬುದೇ ಈಗ ಜಾಸ್ತಿ.

ಬಯಲಾಟದ ಎದುರು ಕೂತ ದೈವ

ಈಗ ಉತ್ತರಕ್ಕೆ ಹೋಗೋಣ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಹಳ್ಳಿಯಲ್ಲಿ ‘ದೈವ ಕೂಡೇತಿ’ ಎಂದರೆ ಗಾಬರಿಯಾಗಬೇಡಿ. ಯಾರ ಮೈಮೇಲೂ ಏನೂ ಬಂದಿಲ್ಲ. ಊರಿನ ಜನ ಸೇರಿದ್ದಾರೆ. ಜಾತ್ರೆ ಯಾವಾಗ, ತೇರಿನ ಹಗ್ಗಕ್ಕೆ ಎಷ್ಟು ಪಟ್ಟಿ ಎತ್ತಬೇಕು, ಗುಡಿಯ ಜೀರ್ಣೋದ್ಧಾರ ಯಾರು ನೋಡಿಕೊಳ್ಳಬೇಕು ಎಂಬುದೆಲ್ಲ ‘ದೈವದವರು’ ಕೂತು ಮಾತಾಡಿ ಗೊತ್ತು ಮಾಡುವಂಥದ್ದು. ದೈವದವರು ಎಂದರೆ ಊರ ಹಿರಿಯರು. ‘ದೈವದ ಮಾತು ಮೀರಬಾರದು’ ಎಂದರೆ ಊರು ಒಟ್ಟಾಗಿ ಆಡಿದ ಮಾತು ಮೀರಬಾರದು.

ನೇಕಾರರ ಊರುಗಳಲ್ಲಿ ಇದು ಇನ್ನೂ ಗಟ್ಟಿಯಾಗಿದೆ. ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯಲ್ಲಿ ‘ದೈವ ಮಂಡಳಿ’ ಎಂಬ ಹೆಸರು ಕಂಡರೆ ಅದು ಪೂಜೆಯ ಸಂಘ ಅಂದುಕೊಳ್ಳಬೇಡಿ. ಪೇಟೆಯ, ಸಮಾಜದ ಹಿರಿಯರ ಕೂಟ ಅದು. ಮಂಗಳೂರಿನವನೊಬ್ಬ ಆ ಬೋರ್ಡು ನೋಡಿ ‘ಕೋಲ ಯಾವಾಗ?’ ಎಂದು ಕೇಳಿದರೆ ಅಲ್ಲಿಯವರು ಮೀಟಿಂಗಿನ ತಾರೀಖು ಹೇಳಿಯಾರು.

ಬಯಲಾಟ, ಗೀಗೀಪದ, ಡೊಳ್ಳಿನ ಪದಗಳಲ್ಲಿ ದೈವ ಅಂದರೆ ಎದುರಿಗೆ ಕೂತು ನೋಡುವವರು. ಹಾಡಿಕೆಯವರು ಶುರುವಿಗೆ ಗಣಪತಿಗೆ, ಸರಸ್ವತಿಗೆ, ಗುರುವಿಗೆ ಕೈಮುಗಿಯುತ್ತಾರೆ. ಆಮೇಲೆ ‘ಕೂಡಿದ ದೈವಕ್ಕ ಶರಣು’ ಎನ್ನುತ್ತಾರೆ. ಕಂಬಳಿ ಹೊದ್ದು ಕೂತ ಅಜ್ಜ, ತೊಡೆಯ ಮೇಲೆ ಮಗು ಮಲಗಿಸಿಕೊಂಡ ತಾಯಿ, ಹಿಂದೆ ಬೀಡಿ ಸೇದುತ್ತಾ ನಿಂತ ಹುಡುಗರು ಎಲ್ಲರೂ ಸೇರಿ ದೈವ. ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಿ ಎಂದು ಬೇಡಿಕೊಳ್ಳುವುದೂ ಇವರನ್ನೇ.

ಹತ್ತು ಜನ ಸೇರಿದ ಕಡೆ ದೇವರಿದ್ದಾನೆ ಎಂಬ ನಂಬಿಕೆಯಿಂದ ಈ ಅರ್ಥ ಬಂದಿರಬೇಕು ಎನಿಸುತ್ತದೆ. ಕರಾವಳಿಯ ದೈವದ ಪಕ್ಕ ಇದನ್ನು ಇಟ್ಟು ನೋಡಿದರೆ ಅಂಥ ದೂರವೂ ಅಲ್ಲ. ಅಲ್ಲಿಯೂ ದೈವದ ಎದುರು ಊರು ಸೇರುತ್ತದೆ, ಜಗಳ ಬರುತ್ತದೆ, ತೀರ್ಮಾನ ಆಗುತ್ತದೆ. ಒಂದು ಕಡೆ ಅಣಿ ಕಟ್ಟಿಕೊಂಡ ದೈವ ನುಡಿಯುತ್ತದೆ. ಇನ್ನೊಂದು ಕಡೆ ರುಮಾಲು ಸುತ್ತಿದ ಹಿರಿಯರು ನುಡಿಯುತ್ತಾರೆ. ಎರಡೂ ಕಡೆ ಆ ಮಾತಿಗೆ ಊರು ತಲೆಬಾಗುತ್ತದೆ.

ಹಳೇ ಮೈಸೂರಿನ ಕಡೆ ಈ ಎರಡು ಬಳಕೆಯೂ ಇಲ್ಲ. ಅಲ್ಲಿ ಎಲ್ಲದಕ್ಕೂ ದೇವರು. ಮನೆದೇವರು, ಊರ ದೇವರು. ಮೈಮೇಲೆ ಬರುವುದೂ ದೇವರೇ. ಮಂಡ್ಯದವರಿಗೆ ಕರಾವಳಿಯ ದೈವ ಹೊಸದು ಅನ್ನಿಸುವುದು ಹೆಸರಿನಿಂದ. ಮಾರಮ್ಮನ ಹಬ್ಬ ನೋಡಿ ಬೆಳೆದವರಿಗೆ ಆಚರಣೆ ತೀರಾ ಹೊಸದಲ್ಲ.

ಬರೆಯುವಾಗ, ಮಾತಾಡುವಾಗ

ವ್ಯಾಕರಣದಲ್ಲೂ ಒಂದು ಸೂಕ್ಷ್ಮ ಇದೆ. ದೇವರು ‘ಒಲಿದರು’, ‘ಕೊಟ್ಟರು’. ದೈವ ‘ಬಂತು’, ‘ನುಡಿಯಿತು’, ‘ಒಪ್ಪಿತು’. ಕರಾವಳಿಯ ಕನ್ನಡದಲ್ಲಿ ದೈವಕ್ಕೆ ನಪುಂಸಕಲಿಂಗ ಹಾಕಿದರೆ ಅಗೌರವ ಅಲ್ಲ, ಅದೇ ಸರಿಯಾದ ರೂಪ. ಆದರೆ ಕೊರಗಜ್ಜ, ಬಬ್ಬುಸ್ವಾಮಿ ಎಂದು ಹೆಸರು ಹೇಳುವಾಗ ‘ಅಜ್ಜ’, ‘ಸ್ವಾಮಿ’ ಎಂಬುದನ್ನು ಬಿಡಬೇಡಿ. ಹಾಗೆಯೇ ಕೋಲವನ್ನು ‘ಪ್ರದರ್ಶನ’ ಎಂದರೆ, ದೈವ ‘ಡಾನ್ಸ್’ ಮಾಡಿತು ಎಂದರೆ ಅಲ್ಲಿಯವರಿಗೆ ಹಿಡಿಸುವುದಿಲ್ಲ. ಕಾಲೇಜಿನ ವೇದಿಕೆಯಲ್ಲಿ, ಫ್ಯಾನ್ಸಿ ಡ್ರೆಸ್ಸಿನಲ್ಲಿ ದೈವದ ವೇಷ ಹಾಕುವುದಕ್ಕೆ ಬರುವ ವಿರೋಧಕ್ಕೂ ಇದೇ ಕಾರಣ.

ಕಟ್ಟುವವರಿಗೆ ಈಗ ‘ದೈವನರ್ತಕ’ ಎಂಬ ಹೆಸರು ಚಾಲ್ತಿಗೆ ಬಂದಿದೆ. 2022ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿದಾಗ ಬಳಸಿದ್ದೂ ಅದನ್ನೇ. ಅರ್ಜಿ ಫಾರ್ಮಿಗೆ, ಪೇಪರಿಗೆ ಅದು ಸರಿ. ಊರಲ್ಲಿ ಮಾತ್ರ ಯಾರೂ ‘ನರ್ತಕ’ ಅನ್ನುವುದಿಲ್ಲ. ಈ ಸಲ ಜುಮಾದಿಯನ್ನು ಯಾರು ‘ಕಟ್ಟುತ್ತಾರೆ’ ಎಂದೇ ಕೇಳುತ್ತಾರೆ. ನೀವೂ ಹಾಗೇ ಕೇಳಿ, ಉತ್ತರ ಬೇಗ ಸಿಗುತ್ತದೆ.